ಹೊಸ ಕೋಶ ಯಾವುದು, ಹೇಳಿ ನೋಡೋಣ!

ಈ ಒಂದು ವಾಕ್ಯವನ್ನು ನೀವು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮೈಯೊಳಗೆ ಒಂದು ಕೋಟಿಗೂ ಹೆಚ್ಚು ಹೊಸ ಜೀವಕೋಶಗಳು ಹುಟ್ಟಿಬಿಟ್ಟಿರುತ್ತವೆ! ಬಾಯಿಮಾತಲ್ಲ, ಲೆಕ್ಕ ಹಾಕಿ ಹೇಳಿದ್ದು. ಇಸ್ರೇಲಿನ ವೈಝ್‌ಮನ್ ಸಂಸ್ಥೆಯ ರಾನ್ ಸೆಂಡರ್ ಮತ್ತು ರಾನ್ ಮಿಲೊ 2021ರಲ್ಲಿ ಅಂಗಾಂಗಗಳ ಲೆಕ್ಕವನ್ನೆಲ್ಲ ಕೂಡಿಸಿ ಮುಂದಿಟ್ಟ ಅಂದಾಜು ಇದು: ದಿನಕ್ಕೆ ಸುಮಾರು 33,000 ಕೋಟಿ ಕೋಶ, ತೂಗಿದರೆ 80 ಗ್ರಾಂ. ಸೆಕೆಂಡಿಗೆ ಭಾಗಿಸಿ ನೋಡಿ, 38 ಲಕ್ಷ. ಬಹುಪಾಲು ರಕ್ತದ ಕೋಶಗಳು, ಉಳಿದವುಗಳಲ್ಲಿ ದೊಡ್ಡ ಪಾಲು ಕರುಳಿನ ಒಳಗೋಡೆಯವು. ನೀವು ಕಾಫಿ ಕುಡಿಯುತ್ತ ಕೂತಿದ್ದರೂ ಒಳಗೆ ಈ ಕೆಲಸ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಈಗ ಬರುತ್ತದೆ ಕಷ್ಟದ ಪ್ರಶ್ನೆ. ಇವುಗಳಲ್ಲಿ ಹೊಸದು ಯಾವುದು, ಹಳೆಯದು ಯಾವುದು?

ಸೂಕ್ಷ್ಮದರ್ಶಕದಡಿ ಒಂದು ತೆಳು ಪದರ ಇಟ್ಟು ನೋಡಿ. ಸಾವಿರಾರು ಕೋಶಗಳು, ಪ್ರತಿಯೊಂದರ ನಡುವೆ ದುಂಡನೆಯ ಕೋಶಕೇಂದ್ರ. ಎಲ್ಲವೂ ಒಂದೇ ಥರ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ವರ್ಣತಂತುಗಳು ಗಂಟುಗಂಟಾಗಿ ಕಾಣಿಸಿ, ಎರಡು ಪಾಲಾಗುತ್ತಿರುವುದು ಕಣ್ಣಿಗೆ ಬೀಳಬಹುದು. ಆದರೆ ಆ ನೋಟ ಕ್ಷಣಿಕ. ಗಾಜಿನ ತಟ್ಟೆಯಲ್ಲಿ ಬೆಳೆಯುವ ಮನುಷ್ಯ ಕೋಶವೊಂದು ದಿನಕ್ಕೊಮ್ಮೆ ಎರಡಾದರೆ, ಅದರಲ್ಲಿ ಕಣ್ಣಿಗೆ ಕಾಣುವಂಥ ವಿಭಜನೆ ನಡೆಯುವುದು ಸುಮಾರು ಒಂದು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಅದು ಏನೂ ಅರಿಯದಂತೆ ಸುಮ್ಮನೆ ಕೂತಿರುತ್ತದೆ. ನಿನ್ನೆ ಹುಟ್ಟಿದ ಕೋಶವೂ ನಲವತ್ತು ವರ್ಷದ ಕೋಶವೂ ಅಕ್ಕಪಕ್ಕ ಕೂತರೆ ಯಾವ ಪರಿಣತನಿಗೂ ಮುಖ ನೋಡಿ ವಯಸ್ಸು ಹೇಳಲು ಬರುವುದಿಲ್ಲ.

ಹಾಗಾದರೆ ಕೋಶವೇ ತನ್ನ ಹುಟ್ಟಿದ ತಾರೀಖನ್ನು ತನ್ನೊಳಗೆ ಬರೆದುಕೊಳ್ಳುವಂತೆ ಮಾಡಿದರೆ?

ಇಲ್ಲಿಂದ ಮುಂದೆ ಕತೆ ರೋಮಾಂಚಕ. ಏಕೆಂದರೆ ಮನುಷ್ಯ ಅದನ್ನು ಮಾಡಿಯೇಬಿಟ್ಟ! ಅದೂ ಒಂದಲ್ಲ, ನಾಲ್ಕಾರು ಬಗೆಯಲ್ಲಿ.

ಯಾವ ಕೋಶವೇ ಆಗಲಿ, ಎರಡಾಗುವ ಮೊದಲು ತನ್ನ ಡಿಎನ್ಎಯನ್ನು ಪೂರ್ತಿ ನಕಲು ಮಾಡಲೇಬೇಕು. ಮನುಷ್ಯನದಾದರೆ 640 ಕೋಟಿ ಜೋಡಿ ಅಕ್ಷರಗಳು, ಬಿಡಿಸಿ ಉದ್ದಕ್ಕೆ ಹಿಡಿದರೆ ಎರಡು ಮೀಟರ್. ಇಷ್ಟನ್ನು ಸುಮಾರು ಎಂಟು ಗಂಟೆಯಲ್ಲಿ ನಕಲು ಮಾಡಿ ಮುಗಿಸಬೇಕು. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಮೂರು, ಸಣ್ಣಪುಟ್ಟ ವ್ಯತ್ಯಾಸದೊಂದಿಗೆ, ಆರ್‌ಎನ್ಎಯಲ್ಲೂ ಬರುತ್ತವೆ. ನಾಲ್ಕನೆಯದು ಮಾತ್ರ ಡಿಎನ್ಎಗೇ ಮೀಸಲು: ಥೈಮಿಡಿನ್. ಆರ್‌ಎನ್ಎಯಲ್ಲಿ ಆ ಜಾಗಕ್ಕೆ ಯುರಿಡಿನ್ ಬಂದು ಕೂರುತ್ತದೆ. ಎಂದರೆ, ಕೋಶವೊಂದು ಥೈಮಿಡಿನನ್ನು ರಾಶಿರಾಶಿಯಾಗಿ ಒಳಗೆಳೆದುಕೊಳ್ಳುತ್ತಿದೆ ಎಂದಾದರೆ ಅಲ್ಲಿ ಡಿಎನ್ಎ ನಕಲಾಗುತ್ತಿದೆ, ಕೋಶ ಇನ್ನೇನು ಎರಡಾಗಲಿದೆ ಎಂದೇ ಲೆಕ್ಕ. ಒಂದು ಸಲದ ನಕಲಿಗೆ ಬೇಕಾಗುವ ಥೈಮಿಡಿನ್ 350 ಕೋಟಿಗೂ ಮೀರುತ್ತದೆ. ಆ ರಾಶಿಯಲ್ಲಿ ಒಂದಿಷ್ಟಕ್ಕೆ ಗುರುತು ಹಚ್ಚಿಟ್ಟರೆ ಸಾಕಲ್ಲ!

ಹೂ ಮಾರುವಾಕೆ ಮಲ್ಲಿಗೆ ಕಟ್ಟುತ್ತ ಕೂತಾಗ ಅವಳ ಬುಟ್ಟಿಗೆ ಯಾರೋ ಒಂದು ಹಿಡಿ ಕನಕಾಂಬರ ಸುರಿದುಬಿಟ್ಟರು ಎನ್ನಿ. ಕೈ ತನ್ನ ಪಾಡಿಗೆ ಕಟ್ಟುತ್ತಲೇ ಹೋಗುತ್ತದೆ. ಆ ಹೊತ್ತಿನಲ್ಲಿ ಕಟ್ಟಿದ ಮಾಲೆಗಳಲ್ಲಿ ಮಾತ್ರ ಕೇಸರಿ ಬಣ್ಣ ಇಣುಕುತ್ತದೆ. ಬೆಳಗ್ಗೆಯೇ ಕಟ್ಟಿ ತೂಗುಹಾಕಿದವು ಅಚ್ಚ ಬಿಳಿಯಾಗಿಯೇ ಉಳಿಯುತ್ತವೆ. ಸಂಜೆ ಬಂದು ನೋಡುವವನಿಗೂ ಯಾವ ಮಾಲೆ ಯಾವ ಹೊತ್ತಿನದು ಎಂದು ಗೊತ್ತಾಗಿಬಿಡುತ್ತದೆ. ಇಡೀ ತಂತ್ರ ಇಷ್ಟೇ. ಉಳಿದದ್ದೆಲ್ಲ ಆ ಕನಕಾಂಬರ ಯಾವುದು ಎಂಬ ಹುಡುಕಾಟ.

ಮೊದಲ ಗುರುತು ವಿಕಿರಣದ್ದು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬಿಬ್ಬರು ಬ್ರಾಡ್ ಬೀನ್ಸ್ ಗಿಡದ ಬೇರಿನ ತುದಿಗೆ ವಿಕಿರಣಶೀಲ ರಂಜಕ ಕುಡಿಸಿದರು. ನಮ್ಮ ಅವರೆಯ ದೂರದ ನೆಂಟ ಈ ಗಿಡ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ವರ್ಣತಂತುಗಳು ಬರೀ 12, ಒಂದೊಂದೂ ಧಡೂತಿ. ಅಲ್ಲಿಯವರೆಗೆ ವಿಜ್ಞಾನಿಗಳಲ್ಲಿ ಅನೇಕರು ಎಣಿಸಿದ್ದು, ಕೋಶ ಕಣ್ಣೆದುರು ಒಡೆಯುವ ಹೊತ್ತಿನ ಆಸುಪಾಸಿನಲ್ಲೇ ಡಿಎನ್ಎಯೂ ನಕಲಾಗುತ್ತದೆ ಎಂದು. ಬೀನ್ಸ್ ಬೇರು ಬೇರೆಯೇ ಹೇಳಿತು. ಕೋಶ ನಿಶ್ಚಿಂತೆಯಿಂದ ಕೂತಂತೆ ಕಾಣುವ ಆ ಅವಧಿಯ ನಟ್ಟನಡುವೆ, ಹಿಂದೊಂದು ಮುಂದೊಂದು ಬಿಡುವಿಟ್ಟುಕೊಂಡು, ನಕಲಿನ ಕೆಲಸ ಗುಟ್ಟಾಗಿ ನಡೆದುಹೋಗಿರುತ್ತದೆ! ಇವತ್ತು ಪಿಯುಸಿ ಹುಡುಗರು ಬಾಯಿಪಾಠ ಮಾಡುವ ಜಿ-1, ಎಸ್, ಜಿ-2 ಎಂಬ ಹಂತಗಳು ಹುಟ್ಟಿದ್ದು ಆ ಬೇರಿನ ತುದಿಯಲ್ಲಿ.

ರಂಜಕದಲ್ಲಿ ಒಂದು ತೊಡಕಿತ್ತು. ಅದರ ಕಿರಣ ಬಹಳ ದೂರ ಹಾರುತ್ತದೆ, ಆದ್ದರಿಂದ ಚಿತ್ರ ಮಸುಕು. ಸಾಲದ್ದಕ್ಕೆ ಅದು ಆರ್‌ಎನ್ಎಗೂ ಹೋಗಿ ಸೇರುತ್ತದೆ. ಆಗ ಕೈಗೆ ಸಿಕ್ಕಿತು ಟ್ರಿಟಿಯಂ, ಜಲಜನಕದ ಭಾರದ ತಮ್ಮ. ಇದರ ಕಿರಣ ಎಷ್ಟು ದುರ್ಬಲವೆಂದರೆ ಒಂದು ಮೈಕ್ರೋಮೀಟರ್ ದಾಟುವಷ್ಟರಲ್ಲಿ ಬಹುಪಾಲು ಸುಸ್ತಾಗಿ ಕೂತುಬಿಡುತ್ತದೆ. ಕೋಶಕೇಂದ್ರದ ಅಗಲವೇ ಐದು-ಹತ್ತು ಮೈಕ್ರೋಮೀಟರ್. ಹೀಗಾಗಿ ಕಿರಣ ಯಾವ ಕೋಶದಿಂದ ಹೊರಟಿತೋ ಅದರ ನೆತ್ತಿಯ ಮೇಲೆಯೇ ಗುರುತು ಬೀಳುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ದುರ್ಬಲತೆಯೇ ದೊಡ್ಡ ವರವಾಯಿತು ನೋಡಿ!

ಗುರುತು ಬೀಳಿಸುವ ಬಗೆಯೂ ಸೊಗಸು. ಅಂಗಾಂಶದ ತೆಳು ಪದರವನ್ನು ಕತ್ತಲ ಕೋಣೆಯಲ್ಲಿ ಫೋಟೋ ಫಿಲಂನ ಲೇಪದಿಂದ ಮುಚ್ಚಿ ಡಬ್ಬಿಯಲ್ಲಿಟ್ಟುಬಿಡುವುದು. ಆಮೇಲೆ ಕಾಯುವುದು, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ. ಟ್ರಿಟಿಯಂ ಪರಮಾಣುಗಳು ಒಂದೊಂದಾಗಿ ಸಿಡಿದಂತೆ ಲೇಪದಲ್ಲಿ ಬೆಳ್ಳಿಯ ಕಪ್ಪು ಕಣಗಳು ಒಂದೊಂದಾಗಿ ಮೂಡುತ್ತವೆ. ಡೆವಲಪ್ ಮಾಡಿ ನೋಡಿದರೆ ಕೆಲವೇ ಕೆಲವು ಕೋಶಗಳ ತಲೆಯ ಮೇಲೆ ಕರಿ ಚುಕ್ಕೆಗಳ ಗುಂಪು.

ಟ್ರಿಟಿಯಂ ಹಚ್ಚಿದ ಥೈಮಿಡಿನ್ ಮೊದಲು ದೊಡ್ಡ ಸದ್ದು ಮಾಡಿದ್ದು 1957ರಲ್ಲಿ, ಮತ್ತೆ ಅದೇ ಬೀನ್ಸ್ ಬೇರಿನಲ್ಲಿ. ಅಮೆರಿಕದ ಹರ್ಬರ್ಟ್ ಟೇಲರ್, ಫಿಲಿಪ್ ವುಡ್ಸ್ ಮತ್ತು ವಾಲ್ಟರ್ ಹ್ಯೂಸ್ ವರ್ಣತಂತುವೊಂದನ್ನು ಎರಡು ತಲೆಮಾರು ಹಿಂಬಾಲಿಸಿದರು. ಗುರುತಿನ ಥೈಮಿಡಿನ್ ಉಂಡು ನಕಲಾದಾಗ ವರ್ಣತಂತುವಿನ ಎರಡೂ ಎಳೆಗಳಲ್ಲಿ ಚುಕ್ಕೆ. ಆಮೇಲೆ ಗುರುತಿಲ್ಲದ ಆಹಾರದಲ್ಲಿ ಇನ್ನೊಮ್ಮೆ ನಕಲಾದಾಗ? ಒಂದು ಎಳೆಯಲ್ಲಿ ಚುಕ್ಕೆ, ಇನ್ನೊಂದು ಖಾಲಿ. ಹಳೆಯದೊಂದು ಹೊಸದೊಂದು ಸೇರಿಯೇ ಡಿಎನ್ಎ ಮುಂದುವರಿಯುತ್ತದೆ ಎಂಬ ವಾಟ್ಸನ್-ಕ್ರಿಕ್ ಊಹೆಗೆ ವರ್ಣತಂತುವಿನ ಮಟ್ಟದಲ್ಲಿ ಸಾಕ್ಷಿ ಸಿಕ್ಕಿತು. ಪಠ್ಯಪುಸ್ತಕಗಳಲ್ಲಿ ಮೆಸೆಲ್ಸನ್-ಸ್ಟಾಲ್ ಪ್ರಯೋಗವೇ ಮೆರೆಯುತ್ತದೆ. ಅದು ಬಂದದ್ದು ಇದರ ಮರುವರ್ಷ. ಟೇಲರ್ ತಂಡಕ್ಕೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಎದೆ ಝಲ್ಲೆನ್ನಿಸುವ ಸಂಗತಿ ಮುಂದಿದೆ. ಅದು ಮಿದುಳಿನದು.

ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯವಿಜ್ಞಾನ ಕಣ್ಣು ಮುಚ್ಚಿ ನಂಬಿದ್ದ ಮಾತೊಂದಿತ್ತು: ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ. ಹುಟ್ಟಿನಲ್ಲಿ ಬಂದದ್ದೇ ಆಸ್ತಿ, ಆಮೇಲೆ ಖರ್ಚು ಮಾತ್ರ. ನರವಿಜ್ಞಾನದ ಪಿತಾಮಹ, 1906ರ ನೊಬೆಲ್ ಪುರಸ್ಕೃತ ಸ್ಪೇನಿನ ರಮೋನ್ ಇ ಕಹಾಲ್ ಅವರೇ ಹಾಗೆ ಹೇಳಿದ ಮೇಲೆ ಎದುರಾಡುವವರು ಯಾರು? ಎದುರಾಡಿದವರು ಜೋಸೆಫ್ ಆಲ್ಟ್‌ಮನ್. ಹಂಗರಿಯಲ್ಲಿ ಹುಟ್ಟಿದ ಯಹೂದಿ, ಯುದ್ಧಕಾಲದ ಬಲವಂತದ ದುಡಿಮೆಯಿಂದ ಬದುಕುಳಿದು ಬಂದವರು. ಅಮೆರಿಕದ ಎಂಐಟಿಯಲ್ಲಿ ವಯಸ್ಕ ಇಲಿಗಳಿಗೆ ಟ್ರಿಟಿಯಂ ಥೈಮಿಡಿನ್ ಚುಚ್ಚಿ, ಮಿದುಳಿನ ಪದರಗಳನ್ನು ಫಿಲಂ ಲೇಪದಡಿ ಇಟ್ಟು ಕಾದರು. ಮೂಡಿತು ಚುಕ್ಕೆ! 1962ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು, ಶೀರ್ಷಿಕೆಯನ್ನು ಪ್ರಶ್ನೆಯಾಗಿಯೇ ಇಟ್ಟು. 1965ರಲ್ಲಿ ಗೋಪಾಲ್ ದಾಸ್ ಎಂಬ ಸಹೋದ್ಯೋಗಿಯೊಂದಿಗೆ ಇನ್ನೂ ಗಟ್ಟಿಯಾಗಿ, ಜಾಗ ತೋರಿಸಿ ಹೇಳಿದರು: ಹಿಪೊಕ್ಯಾಂಪಸ್, ನೆನಪುಗಳನ್ನು ಕೂಡಿಹಾಕುವಲ್ಲಿ ಮುಖ್ಯವಾದ ಭಾಗ.

ಕೇಳಿದವರು ಕೇಳಿದರು, ಮರೆತರು. ಚುಕ್ಕೆ ಬಿದ್ದದ್ದು ನರಕೋಶದ ಮೇಲೆಯೇ ಅಂತ ಏನು ಗ್ಯಾರಂಟಿ, ಪಕ್ಕದ ಯಾವುದೋ ಪೋಷಕ ಕೋಶವಿರಬಹುದಲ್ಲ, ಎಂದರು. ಪ್ರಶ್ನೆ ಅನ್ಯಾಯದ್ದೇನಲ್ಲ, ಬೆಳ್ಳಿ ಕಣ ಯಾವ ಜಾತಿಯ ಕೋಶ ಅದು ಎಂದು ಹೇಳುವುದಿಲ್ಲ. ಮೈಕಲ್ ಕಾಪ್ಲನ್ 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇವು ನರಕೋಶಗಳೇ ಎಂದು ತೋರಿಸಿದಾಗಲೂ ನಂಬಿದವರು ಕಡಿಮೆ. ಫರ್ನಾಂಡೊ ನಾಟೆಬಾಮ್ 1980ರ ದಶಕದಲ್ಲಿ ಹಾಡುವ ಕ್ಯಾನರಿ ಹಕ್ಕಿಗಳ ಮಿದುಳಿನಲ್ಲಿ ಹೊಸ ನರಕೋಶ ತೋರಿಸಿದರು. ಸರಿ, ಹಕ್ಕಿಗಳಲ್ಲಿ ಇರಬಹುದು, ನಮ್ಮಂಥವರಲ್ಲಿ ಸುತಾರಾಂ ಇಲ್ಲ ಎಂಬ ಉತ್ತರ ಬಂತು. ಆಲ್ಟ್‌ಮನ್ ಅವರಿಗೆ ಮನ್ನಣೆ ಬಂದದ್ದು ಮುಪ್ಪಿನಲ್ಲಿ: 2011ರಲ್ಲಿ ಸ್ಪೇನಿನ ಪ್ರಿನ್ಸ್ ಆಫ್ ಆಸ್ಟೂರಿಯಾಸ್ ಪ್ರಶಸ್ತಿ. ಕಹಾಲರ ನಾಡಿನಿಂದಲೇ!

ಅಷ್ಟರಲ್ಲಿ ಗುರುತು ಬದಲಾಗಿತ್ತು. ಥೈಮಿಡಿನ್ ಅಣುವಿನ ಒಂದು ಮೂಲೆಯಲ್ಲಿ ಪುಟ್ಟ ಮೀಥೈಲ್ ಗುಂಪು ಇರುತ್ತದೆ, ಒಂದು ಇಂಗಾಲ, ಮೂರು ಜಲಜನಕ. ಅದನ್ನು ಕಿತ್ತು ಆ ಜಾಗದಲ್ಲಿ ಒಂದು ಬ್ರೋಮಿನ್ ಪರಮಾಣು ಕೂರಿಸಿ. ಗಾತ್ರ ಹೆಚ್ಚುಕಡಿಮೆ ಅಷ್ಟೇ. ಕೋಶದ ಕಿಣ್ವಗಳಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ! ಕೋಟ್ಯಂತರ ಅಕ್ಷರಗಳಲ್ಲಿ ಒಂದು ತಪ್ಪನ್ನೂ ಹಿಡಿದು ತಿದ್ದುವ ಆ ಖಡಕ್ ಯಂತ್ರಾಂಗ, ಅಷ್ಟು ಭಾರದ ಪರಮಾಣುವನ್ನು ಹೊತ್ತ ನಕಲಿ ಥೈಮಿಡಿನನ್ನು ತಪಾಸಣೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಇದೇ ಬ್ರೋಮೊಡಿಆಕ್ಸಿಯುರಿಡಿನ್, ಲ್ಯಾಬಿನವರ ಬಾಯಲ್ಲಿ ಬಿಆರ್‌ಡಿಯು. 1982ರಲ್ಲಿ ಹೊವಾರ್ಡ್ ಗ್ರಾಟ್ಸ್‌ನರ್ ಈ ಬ್ರೋಮಿನ್ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯ ತಯಾರಿಸಿದ ಮೇಲೆ ಲ್ಯಾಬುಗಳ ಚಹರೆಯೇ ಬದಲಾಯಿತು. ವಿಕಿರಣವಿಲ್ಲ, ಕತ್ತಲ ಡಬ್ಬಿಯಿಲ್ಲ, ತಿಂಗಳ ಕಾಯುವಿಕೆಯಿಲ್ಲ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ಒಂದೆರಡು ದಿನದಲ್ಲಿ ಉತ್ತರ. ಅದಕ್ಕಿಂತ ಹೆಚ್ಚಾಗಿ, ಹೊಸ ಡಿಎನ್ಎಗೆ ಒಂದು ಬಣ್ಣ, ನರಕೋಶಕ್ಕೆ ಮಾತ್ರ ಅಂಟುವ ಇನ್ನೊಂದು ಪ್ರತಿಕಾಯಕ್ಕೆ ಮತ್ತೊಂದು ಬಣ್ಣ. ಎರಡೂ ಒಂದೇ ಕೋಶದಲ್ಲಿ ಹೊಳೆದರೆ ಆಲ್ಟ್‌ಮನ್‌ಗೆ ಹಾಕಿದ ಸವಾಲಿಗೆ ಅಲ್ಲೇ ಜವಾಬು.

ಇಲಿ, ಹಕ್ಕಿ ಎಲ್ಲ ಸರಿ. ಮನುಷ್ಯನಲ್ಲಿ ನೋಡುವುದು ಹೇಗೆ? ಆರೋಗ್ಯವಂತರಿಗೆ ಡಿಎನ್ಎಯೊಳಗೆ ಸೇರಿಕೊಳ್ಳುವ ರಾಸಾಯನಿಕ ಚುಚ್ಚಿ, ಆಮೇಲೆ ಮಿದುಳು ಕೊಡಿ ಎನ್ನಲಾಗುತ್ತದೆಯೇ?

ಉತ್ತರ ಸಿಕ್ಕಿದ ರೀತಿ ಕೇಳಿದರೆ ಯಾರಾದರೂ ಮೂಗಿನ ಮೇಲೆ ಬೆರಳಿಡಬೇಕು. ಸ್ವೀಡನ್ನಿನ ವೈದ್ಯ ಪೀಟರ್ ಎರಿಕ್ಸನ್ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಜೊತೆ ಕೆಲಸ ಮಾಡುತ್ತಿದ್ದವರು. ಅವರ ಕಣ್ಣಿಗೆ ಬಿದ್ದ ಸಂಗತಿ ಇದು: ಕೆಲವು ಕ್ಯಾನ್ಸರ್ ರೋಗಿಗಳಿಗೆ ಬಿಆರ್‌ಡಿಯುವನ್ನು ಆಗಲೇ ರಕ್ತನಾಳದ ಮೂಲಕ ಕೊಡಲಾಗುತ್ತಿತ್ತು, ಗೆಡ್ಡೆಯ ಕೋಶಗಳು ಎಷ್ಟು ಬಿರುಸಾಗಿ ಒಡೆಯುತ್ತಿವೆ ಎಂದು ಅಳೆಯಲು. ಗೆಡ್ಡೆ ಇದ್ದದ್ದು ನಾಲಿಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆಯ ಭಾಗದಲ್ಲಿ. ಆದರೆ ರಕ್ತಕ್ಕೆ ಬಿಟ್ಟ ಔಷಧ ಗಂಟಲಿಗೆ ಮಾತ್ರ ಹೋಗುತ್ತದೆಯೇ? ಮಿದುಳಿಗೂ ಹೋಗಿರಬೇಕಲ್ಲ! ಅಲ್ಲಿ ಆ ಹೊತ್ತಿನಲ್ಲಿ ಯಾವುದಾದರೂ ಕೋಶ ಹುಟ್ಟುತ್ತಿದ್ದರೆ, ಅದು ಗುರುತನ್ನು ಹೊತ್ತುಕೊಂಡು ಈಗಲೂ ಕೂತಿರಬೇಕಲ್ಲ!

ಎದುರಿಗಿರುವುದು ಸಾವಿನ ಹೊಸ್ತಿಲಲ್ಲಿರುವ ಮನುಷ್ಯರು. ಮಿದುಳು ಕೊಟ್ಟರೆ ಅವರಿಗೆ ಯಾವ ಲಾಭವೂ ಇಲ್ಲ. ಐವರು ರೋಗಿಗಳ ಮಿದುಳಿನ ಭಾಗಗಳು ಸಾವಿನ ನಂತರ ಈ ಅಧ್ಯಯನಕ್ಕೆ ದೊರೆತವು. ವಯಸ್ಸು 57ರಿಂದ 72. ಔಷಧ ಕೊಟ್ಟದ್ದಕ್ಕೂ ಸಾವಿಗೂ ನಡುವಿನ ಅಂತರ ಒಬ್ಬರಲ್ಲಿ ಬರೀ 16 ದಿನ, ಇನ್ನೊಬ್ಬರಲ್ಲಿ 781 ದಿನ. ಹಿಪೊಕ್ಯಾಂಪಸ್ಸಿನ ತೆಳು ಪದರಗಳನ್ನು ಬಣ್ಣಕ್ಕೆ ಒಡ್ಡಿ ನೋಡಿದಾಗ, ಐವರಲ್ಲೂ, ಹೌದು, ಐವರಲ್ಲೂ, ಬ್ರೋಮಿನ್ ಗುರುತು ಹೊತ್ತ ನರಕೋಶಗಳು! ಎಪ್ಪತ್ತು ದಾಟಿದ, ಕ್ಯಾನ್ಸರಿನಿಂದ ಜರ್ಜರಿತವಾದ ದೇಹದಲ್ಲೂ ಮಿದುಳು ಹೊಸ ಕೋಶಗಳನ್ನು ಹೆರುತ್ತಿತ್ತು. 1998ರ ನವೆಂಬರಿನಲ್ಲಿ ಇದು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದಾಗ ನರವಿಜ್ಞಾನದ ಮನೆಯ ಜಂತಿಯೇ ಅಲುಗಿತು. ಆ ಐವರ ಹೆಸರು ಲೇಖನದಲ್ಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ, ಆದರೆ ಈ ಕತೆಯಲ್ಲಿ ನನಗೆ ನೊಬೆಲ್ ಪಡೆದವರಿಗಿಂತ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಗುರುತಿನ ಇನ್ನೊಂದು ಮೋಜು ಕೇಳಿ. ಗುರುತು ಹಚ್ಚಿಕೊಂಡ ಕೋಶ ಮತ್ತೆ ಮತ್ತೆ ಒಡೆದರೆ ಪ್ರತಿ ಸಲವೂ ಗುರುತು ಅರ್ಧವಾಗುತ್ತ, ಕೊನೆಗೆ ಕಾಣದಷ್ಟು ತೆಳುವಾಗುತ್ತದೆ. ಇದು ದೋಷವಲ್ಲವೇ? ಅಲ್ಲ, ಇದನ್ನೇ ಉಪಯೋಗಕ್ಕೆ ತಂದರು. ಎಲ್ಲಕ್ಕೂ ಗುರುತು ಹಚ್ಚಿ ತಿಂಗಳುಗಟ್ಟಲೆ ಬಿಟ್ಟು ಬಂದು ನೋಡಿದರೆ, ಇನ್ನೂ ಗಾಢವಾಗಿ ಉಳಿದವು ಯಾವುವು? ಅಪರೂಪಕ್ಕೊಮ್ಮೆ ಮಾತ್ರ ಒಡೆಯುವ ಸೋಮಾರಿಗಳು. ಆ ಸೋಮಾರಿಗಳೇ ಹಲವೆಡೆ ಕಾಂಡಕೋಶಗಳು, ಹೊಸ ಕೋಶಗಳನ್ನು ಹೆರುವ ತಾಯಿ ಕೋಶಗಳು! 1990ರಲ್ಲಿ ಜಾರ್ಜ್ ಕೊಟ್ಸರೆಲಿಸ್ ಮತ್ತು ಸಂಗಡಿಗರು ಇಲಿಯ ಕೂದಲಿನ ಬುಡದಲ್ಲಿ ಹೀಗೆ ಹುಡುಕಿದರು. ಕೂದಲು ಬೆಳೆಯುವುದು ತೀರಾ ಕೆಳಗಿನ ಗಡ್ಡೆಯಿಂದ ತಾನೇ, ಕಾಂಡಕೋಶಗಳೂ ಅಲ್ಲೇ ಇರಬೇಕು ಎಂಬುದು ಎಲ್ಲರ ಎಣಿಕೆ. ಗುರುತು ಉಳಿದದ್ದು ಅಲ್ಲಲ್ಲ, ಇನ್ನೂ ಮೇಲೆ, ಕೂದಲಿನ ಕೋಶಕದ ಪಕ್ಕದ ಸಣ್ಣ ಉಬ್ಬಿನಲ್ಲಿ. ಯಾರೂ ತಿರುಗಿ ನೋಡದ ಜಾಗ.

ಬಿಆರ್‌ಡಿಯುಗೂ ಒಂದು ಕಾಟ ಇತ್ತು. ಪ್ರತಿಕಾಯ ಎಂಬುದು ದೈತ್ಯ, ತೂಕ ಒಂದೂವರೆ ಲಕ್ಷ ಡಾಲ್ಟನ್ (ಅಣುಗಳ ತೂಕದ ಅಳತೆ). ಜೋಡಿ ಎಳೆಯ ಡಿಎನ್ಎ ಒಳಗೆ ಅಡಗಿದ ಬ್ರೋಮಿನ್ ಹತ್ತಿರಕ್ಕೆ ಅದು ಹೋಗಲಾರದು. ಹೋಗಬೇಕಾದರೆ ಎರಡೆಳೆಗಳನ್ನು ಬಿಡಿಸಬೇಕು, ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಬೇಕು ಇಲ್ಲವೇ ಬಿಸಿ ಮಾಡಬೇಕು. ಆಮ್ಲ ಬಿದ್ದ ಮೇಲೆ ಸುತ್ತಲಿನ ಸೂಕ್ಷ್ಮ ರಚನೆಗಳ ಗತಿ ಕೇಳಬೇಡಿ. ಕಾಲು ಶತಮಾನ ಪ್ರಪಂಚದ ಲ್ಯಾಬುಗಳೆಲ್ಲ ಇದನ್ನು ಸಹಿಸಿಕೊಂಡೇ ಬಂದವು.

2008ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಏಡ್ರಿಯನ್ ಸಾಲಿಕ್ ಮತ್ತು ಟಿಮೊಥಿ ಮಿಚಿಸನ್ ಅದೇ ಮೂಲೆಯಲ್ಲಿ ಬ್ರೋಮಿನ್ ಬದಲು ಎರಡು ಇಂಗಾಲಗಳ ಒಂದು ಪುಟ್ಟ ಬಾಲ ಕೂರಿಸಿದರು. ಆ ಎರಡು ಇಂಗಾಲಗಳ ನಡುವೆ ಮೂರು ಬಂಧ, ರಸಾಯನಶಾಸ್ತ್ರದಲ್ಲಿ ಆಲ್ಕೈನ್ ಎನ್ನುತ್ತಾರೆ. ಈ ಅಣುವೇ ಇಡಿಯು. ನಮ್ಮ ಕೋಶಗಳಲ್ಲಿ ಇಂಥ ಬಾಲ ಸಹಜವಾಗಿ ಇಲ್ಲವೇ ಇಲ್ಲ. ಇದಕ್ಕೆ ಸರಿಜೋಡಿ ಅಜೈಡ್, ಮೂರು ಸಾರಜನಕಗಳ ಸಾಲು. ಅದೂ ಕೋಶದಲ್ಲಿ ಇಲ್ಲ. ಇಡೀ ಕೋಶದ ಲಕ್ಷಾಂತರ ಬಗೆಯ ಅಣುಗಳ ಜಂಗುಳಿಯಲ್ಲಿ ಈ ಎರಡು ಅಪರಿಚಿತರು ಬೇರೆ ಯಾರನ್ನೂ ಮುಟ್ಟದೆ ಒಬ್ಬರನ್ನೊಬ್ಬರು ಹುಡುಕಿ ಹಿಡಿದುಕೊಳ್ಳುತ್ತಾರೆ. ಹಿಡಿದರೆ ಬಿಡುವ ಮಾತಿಲ್ಲ. ಹೊಳೆಯುವ ಬಣ್ಣಕ್ಕೆ ಅಜೈಡ್ ಕಟ್ಟಿಟ್ಟರೆ ಮುಗಿಯಿತು. ಆ ಬಣ್ಣದ ಅಣು ಸಾವಿರ ಡಾಲ್ಟನ್ನಿನ ಆಸುಪಾಸಿನ ಪುಟಾಣಿ, ಡಿಎನ್ಎ ಎಳೆ ಬಿಡಿಸದೆಯೇ ನುಸುಳುತ್ತದೆ. ಆಮ್ಲವೂ ಬೇಡ, ಬಿಸಿಯೂ ಬೇಡ!

ಕೆಲಸದ ಮೇಜಿನ ಹತ್ತಿರ ಬನ್ನಿ, ನೋಡೋಣ. ಉಗುರಿನಗಲದ ಗಾಜಿನ ಚೂರಿನ ಮೇಲೆ ಕೋಶಗಳು ಬೆಳೆದಿವೆ. ಅವು ಮುಳುಗಿರುವ ಗುಲಾಬಿ ಬಣ್ಣದ ಪೋಷಕ ದ್ರವಕ್ಕೆ ಚಿಟಿಕೆಯಷ್ಟು ಇಡಿಯು ಬೆರೆಸಿ ಒಂದೆರಡು ಗಂಟೆ ಬಿಡುತ್ತಾರೆ. ಆಮೇಲೆ ಫಾರ್ಮಾಲ್ಡಿಹೈಡಿನಿಂದ ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಿ, ಸಾಬೂನಿನಂಥ ದ್ರವದಿಂದ ಅವುಗಳ ಹೊರಪೊರೆಗೆ ತೂತು ಮಾಡುತ್ತಾರೆ. ಈಗ ಬಣ್ಣ ಹಿಡಿಸುವ ಮಿಶ್ರಣ. ಅದರಲ್ಲಿ ಬಣ್ಣದ ಅಜೈಡ್ ಬಿಟ್ಟರೆ ಮುಖ್ಯವಾಗಿ ಬೇಕಾದ ಸಾಮಗ್ರಿ ಎರಡೇ. ಒಂದು, ನೀಲಿ ಹರಳಿನ ಕಾಪರ್ ಸಲ್ಫೇಟ್. ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ: ಮೈಲುತುತ್ತು! ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ಸುಣ್ಣದ ಜೊತೆ ಕಲಸಿ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಅದೇ ಮೈಲುತುತ್ತು. ಇನ್ನೊಂದು, ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ, ಆಸ್ಕಾರ್ಬಿಕ್ ಆಮ್ಲ. ತಾಮ್ರ ಮಾಮೂಲಿ ಸ್ಥಿತಿಯಲ್ಲಿ ಈ ಕೆಲಸಕ್ಕೆ ಬಾರದು. ವಿಟಮಿನ್ ಸಿ ಅದಕ್ಕೊಂದು ಎಲೆಕ್ಟ್ರಾನ್ ಕೊಟ್ಟು ಚುರುಕುಗೊಳಿಸಬೇಕು. ಆ ಚುರುಕು ತಾಮ್ರ ಆಲ್ಕೈನಿಗೂ ಅಜೈಡಿಗೂ ಗಂಟು ಹಾಕುತ್ತದೆ. ವಿಟಮಿನ್ ಸಿ ದ್ರಾವಣ ಹಳಸಿ ಹಳದಿಯಾಗಿದ್ದರೆ ಪ್ರಯೋಗ ಕೆಟ್ಟಿತೆಂದೇ ಲೆಕ್ಕ, ಆದ್ದರಿಂದ ಅದನ್ನು ಆಗಲೇ ಕಲಸಿ ಕೊನೆಯಲ್ಲಿ ಹಾಕುವುದು ರೂಢಿ. ಬೆಳಕು ತಾಗದಂತೆ ಮುಚ್ಚಿ ಅರ್ಧ ಗಂಟೆ. ಅಷ್ಟೇ!

ತೊಳೆದು, ಎಲ್ಲ ಡಿಎನ್ಎಗೂ ಅಂಟುವ ನೀಲಿ ಬಣ್ಣವನ್ನೂ ಕೊಟ್ಟು, ಗಾಜನ್ನು ಸೂಕ್ಷ್ಮದರ್ಶಕದಡಿ ತಳ್ಳಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ನೂರಾರು ನೀಲಿ ದುಂಡುಗಳು. ಇವು ಎಲ್ಲ ಕೋಶಗಳು. ಫಿಲ್ಟರ್ ತಿರುಗಿಸಿದೊಡನೆ ಅವುಗಳಲ್ಲಿ ಕೆಲವು ಮಾತ್ರ ಹಸಿರಾಗಿ ಧಗಧಗಿಸುತ್ತವೆ. ಆ ಒಂದೆರಡು ಗಂಟೆಯಲ್ಲಿ ಡಿಎನ್ಎ ನಕಲು ಮಾಡುತ್ತಿದ್ದವು ಇವೇ. ಇನ್ನೂ ಹತ್ತಿರದಿಂದ ನೋಡಿ: ಒಂದರಲ್ಲಿ ಹಸಿರು ನುಣ್ಣಗೆ ರವೆಯಂತೆ ಕೇಂದ್ರದ ತುಂಬ ಹರಡಿದೆ, ಅದು ಈಗಷ್ಟೇ ನಕಲು ಶುರುಮಾಡಿದ್ದು. ಇನ್ನೊಂದರಲ್ಲಿ ಬರೀ ನಾಲ್ಕಾರು ದಪ್ಪ ಗಟ್ಟಿಗಳು, ಅದು ಕೆಲಸ ಮುಗಿಸುವ ಹಂತದಲ್ಲಿದೆ. ಡಿಎನ್ಎಯ ಬಿಗಿಯಾಗಿ ಸುತ್ತಿಟ್ಟ ಭಾಗಗಳ ಸರದಿ ಕೊನೆಗೆ ಬರುತ್ತದೆ. ಯಾರು ಮೊದಲು, ಯಾರು ತಡ ಎಂಬುದೂ ಒಂದೇ ನೋಟದಲ್ಲಿ ತಿಳಿಯುತ್ತದೆ! ಇಲಿಗೆ ಚುಚ್ಚಿ ಕರುಳು ನೋಡಿದರೆ, ಗುಳಿಗಳ ತಳದಲ್ಲಿ ಹೊಳೆದ ಕೋಶಗಳು ಮೂರು-ಐದು ದಿನದಲ್ಲಿ ಮೇಲೇರಿ ಬಂದು ಉದುರುವುದನ್ನು ದಿನಕ್ಕೊಂದು ಹೆಜ್ಜೆಯಂತೆ ಹಿಂಬಾಲಿಸಬಹುದು.

ಈ ಗಂಟು ಹಾಕುವ ರಸಾಯನಕ್ಕೆ ಕ್ಲಿಕ್ ಕೆಮಿಸ್ಟ್ರಿ ಎಂದು ಹೆಸರು. ತಾಮ್ರದ ವಿಧಾನವನ್ನು 2002ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಬ್ಯಾರಿ ಶಾರ್ಪ್‌ಲೆಸ್ ಮತ್ತು ಮಾರ್ಟನ್ ಮೆಲ್ಡಾಲ್, ತಾಮ್ರವೇ ಬೇಡದ ವಿಧಾನವನ್ನು ಜೀವಂತ ಕೋಶಗಳಿಗೆ ತಂದ ಕ್ಯಾರೊಲಿನ್ ಬರ್ಟೋಜಿ, ಈ ಮೂವರಿಗೆ 2022ರ ರಸಾಯನಶಾಸ್ತ್ರ ನೊಬೆಲ್ ಬಂತು. ಇಡಿಯು ಕೂಡ ನಿರುಪದ್ರವಿಯಲ್ಲ ಎಂಬುದನ್ನು ಹೇಳಿಬಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳು ಬಳಲುತ್ತವೆ, ಸಾಯುತ್ತವೆ. ಡಿಎನ್ಎಯೊಳಗೆ ನುಸುಳುವ ಯಾವ ವಸ್ತುವೂ ಪುಕ್ಕಟೆ ಅಲ್ಲ. ಆಸ್ಪತ್ರೆಯಲ್ಲಿ ಅದಕ್ಕೇ ಬೇರೆ ದಾರಿ ಹಿಡಿಯುತ್ತಾರೆ. ಮನೆಯಲ್ಲಿ ಯಾರಿಗಾದರೂ ಸ್ತನದ ಗೆಡ್ಡೆಯ ಬಯಾಪ್ಸಿ ಆಗಿದ್ದರೆ ರಿಪೋರ್ಟಿನಲ್ಲಿ ಕೆಐ-67 ಎಂಬ ಶೇಕಡಾವಾರು ಅಂಕಿ ಕಂಡಿರುತ್ತೀರಿ. ಒಡೆಯುವ ಹಾದಿಯಲ್ಲಿರುವ ಕೋಶಗಳಲ್ಲಿ ಮಾತ್ರ ಇರುವ ಒಂದು ಪ್ರೋಟೀನ್ ಅದು, ದೇಹಕ್ಕೆ ಏನನ್ನೂ ಚುಚ್ಚಬೇಕಾಗಿಲ್ಲ. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಇದರ ಪ್ರತಿಕಾಯ ಸಿಕ್ಕಿದಾಗ ಅದು ತಟ್ಟೆಯ 67ನೇ ಗುಳಿಯಲ್ಲಿತ್ತು. ಹೆಸರಿನ ಹಿಂದೆ ಅದಕ್ಕಿಂತ ಘನವಾದ ಕಾರಣವೇನೂ ಇಲ್ಲ!

ಈಗ ಎಲ್ಲಕ್ಕಿಂತ ದೊಡ್ಡ ಗುರುತು. ಯಾವ ಲ್ಯಾಬೂ ತಯಾರಿಸದ, ಭೂಮಿಯ ಮೇಲಿನ ಪ್ರತಿಯೊಬ್ಬ ಮನುಷ್ಯನಿಗೂ ಯಾರ ಅಪ್ಪಣೆಯೂ ಇಲ್ಲದೆ ಹಚ್ಚಿಬಿಟ್ಟ ಗುರುತು. 1950ರ ದಶಕದ ಮಧ್ಯದಿಂದ 1963ರವರೆಗೆ ಬಲಾಢ್ಯ ದೇಶಗಳು ಬಯಲಲ್ಲಿ ಸಿಡಿಸಿದ ಅಣುಬಾಂಬುಗಳು ಗಾಳಿಯಲ್ಲಿನ ಕಾರ್ಬನ್-14ರ, ಎಂದರೆ ವಿಕಿರಣಶೀಲ ಇಂಗಾಲದ, ಪ್ರಮಾಣವನ್ನು ಉತ್ತರ ಗೋಳಾರ್ಧದಲ್ಲಿ ಸುಮಾರು ಇಮ್ಮಡಿ ಮಾಡಿದವು. ಪರೀಕ್ಷೆ ನಿಲ್ಲಿಸಿ ಎಂದು ನೆಹರೂ 1954ರಲ್ಲೇ ಕೇಳಿಕೊಂಡಿದ್ದರು; ಮಾಸ್ಕೋದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1963ರ ಆಗಸ್ಟಿನಲ್ಲಿ. ಅಲ್ಲಿಂದ ಆ ಕಾರ್ಬನ್ ಸಮುದ್ರ, ಕಾಡುಗಳಿಗೆ ಇಳಿಯುತ್ತ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂತು. ಗಾಳಿಯಿಂದ ಭತ್ತಕ್ಕೆ, ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಅಲ್ಲಿಂದ ನಮ್ಮ ಊಟದ ಎಲೆಗೆ, ಊಟದಿಂದ ಆ ದಿನ ಹುಟ್ಟುತ್ತಿದ್ದ ಕೋಶದ ಡಿಎನ್ಎಗೆ! ಕೋಶ ಒಮ್ಮೆ ಹುಟ್ಟಿ ನಿಂತ ಮೇಲೆ ಅದರ ಡಿಎನ್ಎ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ. ಎಂದರೆ, ಒಳಗಿರುವ ಕಾರ್ಬನ್-14 ಎಷ್ಟೆಂದು ಅಳೆದರೆ ಹುಟ್ಟಿದ ವರ್ಷ ಸಿಕ್ಕಿತು.

ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರಿಗೆ ಹೊಳೆದ ಈ ಯೋಚನೆ ನನ್ನ ದೃಷ್ಟಿಯಲ್ಲಿ ಇಡೀ ಜೀವಶಾಸ್ತ್ರದ ಅತಿ ಕಿಲಾಡಿ ಯೋಚನೆಗಳಲ್ಲೊಂದು. ಹಲವು ಕೋಶಗಳನ್ನು ಸೇರಿಸಿದರೆ ಒಂದೇ ಒಂದು ಕಾರ್ಬನ್-14 ಪರಮಾಣು ಸಿಗುವಂಥ ಲೆಕ್ಕವಿದು. ಆದ್ದರಿಂದ ಲಕ್ಷಾಂತರ ಕೋಶಕೇಂದ್ರಗಳನ್ನು ಜಾತಿವಾರು ಬೇರ್ಪಡಿಸಿ, ವೇಗವರ್ಧಕ ಯಂತ್ರದಲ್ಲಿ ಪರಮಾಣು ಎಣಿಸಬೇಕು. ಎಣಿಸಿದರು. ಮಿದುಳಿನ ಹೊರಪದರದ ನರಕೋಶಗಳಿಗೆ ಆ ಮನುಷ್ಯನಷ್ಟೇ ವಯಸ್ಸು. ಕೊಬ್ಬಿನ ಕೋಶಗಳಲ್ಲಿ ವರ್ಷಕ್ಕೆ ಸುಮಾರು ಶೇ. 10 ಹೊಸದು. ಹೃದಯ ಸ್ನಾಯುವಿನಲ್ಲಿ 25ರ ಹರೆಯದಲ್ಲಿ ವರ್ಷಕ್ಕೆ ಶೇ. 1, 75ರಲ್ಲಿ ಶೇ. 0.45, ಹೃದಯವೂ ನಿಧಾನವಾಗಿ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತದೆ! ಹಿಪೊಕ್ಯಾಂಪಸ್ಸಿನಲ್ಲಿ? 2013ರ ಅಂದಾಜು: ಎಡಬಲ ಒಂದೊಂದರಲ್ಲೂ ದಿನಕ್ಕೆ 700 ಹೊಸ ನರಕೋಶ.

ಆದರೂ ಜಗಳ ಮುಗಿದಿಲ್ಲ, ಮುಗಿಯದಿರುವುದೇ ಚೆನ್ನ. 2018ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವೊಂದು, ಬಾಲ್ಯ ದಾಟಿದ ಮೇಲೆ ಮನುಷ್ಯನ ಹಿಪೊಕ್ಯಾಂಪಸ್ಸಿನಲ್ಲಿ ಎಳೆಯ ನರಕೋಶಗಳು ಕಾಣುವುದೇ ಇಲ್ಲ ಎಂದು ‘ನೇಚರ್’ನಲ್ಲಿ ಬರೆಯಿತು. ಮರು ತಿಂಗಳೇ ನ್ಯೂಯಾರ್ಕಿನ ಇನ್ನೊಂದು ತಂಡ, ಮುಪ್ಪಿನಲ್ಲೂ ಬೇಕಾದಷ್ಟು ಇವೆ ಎಂದಿತು. ಸತ್ತ ಎಷ್ಟು ಗಂಟೆಗೆ ಮಿದುಳನ್ನು ಕಾಪಿಟ್ಟರು, ಯಾವ ಪ್ರತಿಕಾಯ ಬಳಸಿದರು ಎಂಬಲ್ಲೇ ಉತ್ತರ ಬದಲಾಗುತ್ತದೆ ಎಂದು ಎರಡೂ ಕಡೆಯವರು ವಾದಿಸಿದರು. 2025ರ ಜುಲೈನಲ್ಲಿ ಫ್ರಿಸೆನ್ ತಂಡ ‘ಸೈನ್ಸ್’ನಲ್ಲಿ ಹೊಸ ಸಾಕ್ಷಿ ಇಟ್ಟಿತು. ನರಕೋಶಗಳನ್ನಲ್ಲ, ಅವುಗಳನ್ನು ಹೆರುವ ತಾಯಿ ಕೋಶಗಳನ್ನೇ, ಒಡೆಯುತ್ತಿರುವಾಗಲೇ, ವಯಸ್ಕರ ಮಿದುಳಿನಲ್ಲಿ ಕಂಡದ್ದಾಗಿ ಹೇಳಿತು. ಶಿಶುವಿನಿಂದ 78 ವರ್ಷದವರವರೆಗಿನ ಮಿದುಳುಗಳು. ಒಡೆಯುವ ಕೋಶಗಳನ್ನು ಆರಿಸಲು ಬಳಸಿದ್ದೇನು ಗೊತ್ತೇ? ಬಯಾಪ್ಸಿ ರಿಪೋರ್ಟಿನ ಅದೇ ಕೆಐ-67. ಕೆಲವರಲ್ಲಿ ಅಂಥ ಕೋಶಗಳು ಹೇರಳ, ಕೆಲವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಯಾಕೆ ಹೀಗೆ ಎಂಬುದೇ ಈಗ ಅವರ ತಲೆ ತಿನ್ನುತ್ತಿರುವ ಪ್ರಶ್ನೆ.

ಬಾಂಬಿನ ಗುರುತಿಗೆ ಮಾತ್ರ ಇನ್ನು ಹೆಚ್ಚು ಕಾಲವಿಲ್ಲ. ಕಲ್ಲಿದ್ದಲು, ಪೆಟ್ರೋಲಿನಿಂದ ಬರುವ ಇಂಗಾಲ ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಕಾರ್ಬನ್-14 ಎಂದೋ ಬರಿದಾಗಿದೆ. ನಮ್ಮ ಹೊಗೆ ಸೇರಿ ಸೇರಿ ಗಾಳಿಯಲ್ಲಿನ ಅದರ ಪ್ರಮಾಣ ಬಾಂಬಿಗೆ ಮೊದಲಿದ್ದ ಮಟ್ಟಕ್ಕೇ ಇಳಿದುಬಿಟ್ಟಿದೆ. ಇಂದು ಹುಟ್ಟುವ ಮಕ್ಕಳ ಕೋಶಗಳ ವಯಸ್ಸನ್ನು ಈ ಬಗೆಯಲ್ಲಿ ಓದುವುದು ಕಷ್ಟ. ನೀವು 1960ರ ದಶಕದಲ್ಲಿ ಹುಟ್ಟಿದವರೋ, ನಿಮ್ಮ ಗುರುತು ಗಟ್ಟಿ. ಹಲ್ಲಿನ ಎನಾಮೆಲ್ ಒಮ್ಮೆ ಕೂತರೆ ಬದಲಾಗುವುದಿಲ್ಲವಾದ್ದರಿಂದ, ಅದರೊಳಗಿನ ಕಾರ್ಬನ್-14 ಅಳೆದು ನಿಮ್ಮ ಹುಟ್ಟಿದ ವರ್ಷವನ್ನು ಸರಾಸರಿ 1.6 ವರ್ಷ ಆಚೀಚೆ ಹೇಳಬಹುದೆಂದು ಇದೇ ಫ್ರಿಸೆನ್ ತಂಡ 2005ರಲ್ಲಿ ತೋರಿಸಿದೆ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿಗೆ ಬರೆದ ಜೂನ್ ಒಂದನೇ ತಾರೀಖಿಗಿಂತ ಇದು ಎಷ್ಟೋ ವಾಸಿ!